ಹಾರನಹಳ್ಳಿ ಸೀಮೆಯ ಕಾರು ರಾಗಿ

ಮೈಸೂರು ದೇಶದ ಒಕ್ಕಲಿಗನ ವರ್ಷವು ಚಾಂದ್ರಮಾಸಗಳಿಗಿಂತ ಹೆಚ್ಚಾಗಿ ಮಳೆಯ ನಕ್ಷತ್ರಗಳನ್ನು ಅನುಸರಿಸಿ ನಡೆಯತಕ್ಕದ್ದು. ಆತನ ಬೆಳೆಗಳಿಗೆ ಕಾರು, ಹೈನು ಎಂಬ ಎರಡು ಹೆಸರುಗಳು ಬಹುಕಾಲದಿಂದ ರೂಢಿಯಲ್ಲಿವೆ. ಕಾರ್ ಎಂಬುದಕ್ಕೆ ಕಪ್ಪು, ಮುಗಿಲು, ಮಳೆಗಾಲ ಎಂಬ ಅರ್ಥಗಳುಂಟು. ಕಾರ್ಮುಗಿಲು, ಕಾರ್ಗಾಲ, ಕಾರಹುಣ್ಣಿಮೆ ಎಂಬ ಮಾತುಗಳನ್ನು ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲರು. ಆದರೆ ಈ ಶಬ್ದವು ಹೊಲದಲ್ಲಿ ಒಂದು ಪೈರಿನ ಹೆಸರೂ ಆಗಿತ್ತೆಂಬುದನ್ನು ವಿಚಾರಿಸುವವರು ವಿರಳ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯು ಕೊಡಗಿನ ಮಲೆಗಳಿಗೂ ಮೂಡಣ ಬಯಲುಸೀಮೆಗೂ ನಡುವಣ ಪ್ರದೇಶಕ್ಕೆ ಸೇರಿದುದು. ಮುಂಗಾರು ನೆಲೆಗೊಳ್ಳುವುದಕ್ಕೆ ಮೊದಲೇ, ಭರಣಿ ಕೃತ್ತಿಕೆಗಳ ಕಾಲದಲ್ಲಿ, ಗುಡುಗಿನೊಡನೆ ಸುರಿಯುವ ಮಳೆ ಇಲ್ಲಿಯ ಹೊಲಗಳನ್ನು ಹದಗೊಳಿಸುತ್ತದೆ. ಆ ಹದಕ್ಕೆ ಬಿತ್ತಿ ಶ್ರಾವಣದ ಸುಮಾರಿಗೆ ಕೊಯ್ಯತಕ್ಕುದು ಕಾರು ರಾಗಿ. ಆಷಾಢದ ಸುಮಾರಿಗೆ ಬಿತ್ತಿ ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ಯತಕ್ಕುದು ಹೈನು ರಾಗಿ. ಹೈನೇ ಪ್ರಧಾನ. ಅದರ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಇಡುವ ಪದ್ಧತಿಯೂ ಉಂಟು.

೧೮೦೦ರಲ್ಲಿ ಪಿರಿಯಾಪಟ್ಟಣ, ಬೆಟ್ಟದಪುರಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ತನ್ನ ಪ್ರವಾಸವೃತ್ತಾಂತದಲ್ಲಿ ಮೈಸೂರಿನ ಒಣಬೇಸಾಯದ ಬೆಳೆಗಳ ಪೈಕಿ ರಾಗಿಗೇ ಅಗ್ರಸ್ಥಾನವನ್ನು ಕೊಟ್ಟಿದ್ದಾನೆ. ಹೀಗೆ ಹೈನೇ ಪ್ರಧಾನವಾಗಿರಲು ಮಳೆಯಲ್ಲಿ ಕೊಯ್ದು ಒಣಗಿಸಬೇಕಾದ ಕಾರು ಬೆಳೆ ಏತಕ್ಕೆ ಬೇಕಾಗಿತ್ತು? ಉತ್ತರವು ಹಗೇವಿನಲ್ಲಿದೆ. ಹಿಂದಿನ ವರ್ಷದ ಕಾಳು ತಳಕ್ಕಿಳಿದು, ಹೈನಿನ ತೆನೆ ಇನ್ನೂ ದೂರವಿರುವ ತಿಂಗಳುಗಳಲ್ಲಿ ಕಾರು ರಾಗಿಯು ಬಡವನ ಮುದ್ದೆಗೆ ಒದಗುತ್ತಿತ್ತು. ಒಂದು ಮಳೆ ಕೈಕೊಟ್ಟರೆ ಇನ್ನೊಂದು ಕಾಲದ ಪೈರು ಉಳಿಯಲೆಂಬುದೇ ಇದರ ನ್ಯಾಯ. ಚಳಿಗಾಲದ ಗೋಧಿಯನ್ನೇ ನಂಬಿದ ಪರದೇಶಗಳ ಒಣಸೀಮೆಗಳಲ್ಲಿಯೂ ವಸಂತದಲ್ಲಿ ಜವೆ ಮುಂತಾದುವನ್ನು ಬಿತ್ತುವುದುಂಟು. ಅಲ್ಲಿಯೂ ಇದೇ ನ್ಯಾಯವನ್ನು ಕಾಣಬಹುದು. ಆದರೂ ಮಳೆಗಳು ಒಂದರ ಮೇಲೊಂದು ತಪ್ಪಿದರೆ ಈ ಉಪಾಯವೂ ಸಾಲದು. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆಯು ೧೮೭೬–೭೮ರ ಕ್ಷಾಮದ ತರುವಾಯ, ೧೮೮೧ರಲ್ಲಿ, ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು.

ಕನಕದಾಸರ ರಾಮಧಾನ್ಯಚರಿತೆಯನ್ನು ಪಾಠ ಹೇಳುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವ್ರೀಹಿ ನರೆದಲೆಗರ ವಿವಾದವು ತೀರುವುದು ಬರಿಯ ವಾಕ್ಚಾತುರ್ಯದಿಂದಲ್ಲ. ಆರು ತಿಂಗಳ ಸೆರೆವಾಸದಲ್ಲಿ ಭತ್ತ ಕಂದಿತು, ರಾಗಿ ಕುಂದಲಿಲ್ಲ. ಹುಳು ಹತ್ತದೆ ವರ್ಷಗಟ್ಟಲೆ ಹಗೇವಿನಲ್ಲಿ ನಿಲ್ಲುವ ಧಾನ್ಯದ ಗುಣವನ್ನು ಕಣ್ಣಾರೆ ಕಂಡವರಿಗೆ ಈ ತೀರ್ಪು ರೂಪಕವಾಗಿ ಮಾತ್ರವಲ್ಲ, ಅನುಭವವಾಗಿಯೂ ತೋರಿರಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಬದಲಾವಣೆಗಳಾದುವು. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಪಡೆದರು. ಇವುಗಳಲ್ಲಿ ಅಲ್ಪಾವಧಿಯವೂ ಇದ್ದುದರಿಂದ ಕಾಲದ ಕಟ್ಟು ಸಡಿಲಿತು. ಎರಡನೆಯದು ಹೊಗೆಸೊಪ್ಪು. ೧೯೭೬ರಲ್ಲಿ ತಂಬಾಕು ಮಂಡಳಿ ಸ್ಥಾಪಿತವಾಯಿತು. ಹುಣಸೂರು ಪಿರಿಯಾಪಟ್ಟಣಗಳ ಹಗುರ ಮಣ್ಣಿನಲ್ಲಿ ಹಬ್ಬಿದ ಈ ಬೆಳೆಯು ಕಾರು ರಾಗಿಯು ಕಾಯುತ್ತಿದ್ದ ಮುಂಗಾರಿನ ಮೊದಲ ಹದವನ್ನೇ ಬಯಸತಕ್ಕದ್ದು. ಸೊಪ್ಪನ್ನು ಕಿತ್ತ ಮೇಲೆ ಅದೇ ಹೊಲಕ್ಕೆ ರಾಗಿ ಎರಡನೆಯ ಬೆಳೆಯಾಗಿ ಬಂದಿತು. ಧಾನ್ಯ ಉಳಿಯಿತು; ಅದರ ಕಾಲ ಹಿಂದಕ್ಕೆ ಸರಿಯಿತು.

ಹಣ ತರುವ ಪೈರನ್ನು ಒಕ್ಕಲಿಗನು ಆರಿಸಿಕೊಂಡುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಪೈರು ಹೊಲವನ್ನು ಬಿಟ್ಟಲ್ಲಿ ಅದರ ಮಾತುಗಳೂ ಬಾಯನ್ನು ಬಿಡುತ್ತವೆ. ಕಾರು, ಹೈನು, ಅಕ್ಕಡಿ, ಹಗೇವು ಎಂಬಿವುಗಳ ಅರ್ಥವನ್ನು ಹಿರಿಯರು ಇರುವಾಗಲೇ ಊರೂರಿನಲ್ಲಿ ಕೇಳಿ ಬರೆದಿಡುವುದು ವಿದ್ವಾಂಸರ ಕರ್ತವ್ಯ. ಹಾಗೆ ಮಾಡದಿದ್ದರೆ ನಮ್ಮ ಪ್ರಾಚೀನ ಕಾವ್ಯಗಳ ಅನೇಕ ಪದಗಳು ನಿಘಂಟಿನಲ್ಲಿದ್ದೂ ನಮಗೆ ಅರ್ಥವಾಗದೆ ಹೋದಾವು.