ಗಡಿಯ ಮೇಲಿನ ಸರೋವರ ಸಾಲು: ಬೌಂಡರಿ ವಾಟರ್ಸ್ ದೋಣಿಯಾನ

ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೂ ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೂ ನಡುವಿನ ಗಡಿ ಬಹುದೂರ ಸರೋವರ, ಹೊಳೆಗಳ ನೀರಿನ ಮೇಲೆಯೇ ಸಾಗುತ್ತದೆ. ದಕ್ಷಿಣಕ್ಕೆ ಬೌಂಡರಿ ವಾಟರ್ಸ್ ಕಾಡು, ಉತ್ತರಕ್ಕೆ ಕ್ವೆಟಿಕೊ ಉದ್ಯಾನ. ಗಡಿಯೂರುಗಳಲ್ಲಿ ಬಾಳುವ ನಮಗೆ ಅಲ್ಲಿಯ ಏರ್ಪಾಡು ತಿಳಿದಿರಲಿ. ಮಕ್ಕಳು ಅಮೆರಿಕದಲ್ಲಿರುವ ಸದಸ್ಯರಿಗೆ ಉಪಯೋಗಕ್ಕೂ ಬಂದೀತು.

ಸ್ಥಳ ಪರಿಚಯ

ಬೌಂಡರಿ ವಾಟರ್ಸ್‌ನ ವಿಸ್ತೀರ್ಣ ಸುಮಾರು 11 ಲಕ್ಷ ಎಕರೆ. ಸರೋವರಗಳು ಸಾವಿರಕ್ಕೂ ಹೆಚ್ಚು. 1964ರ ವನ್ಯಪ್ರದೇಶ ಕಾಯ್ದೆಯಲ್ಲಿ ಸೇರಿದ ಇದಕ್ಕೆ 1978ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಬಹುಪಾಲು ನೀರಿನಲ್ಲಿ ಮೋಟಾರು ದೋಣಿಗೆ ಅವಕಾಶವಿಲ್ಲ. ಇಲ್ಲಿ ವಿಮಾನಗಳು 4,000 ಅಡಿಗಿಂತ ಕೆಳಗೆ ಹಾರಬಾರದೆಂದು ಅಧ್ಯಕ್ಷ ಟ್ರೂಮನ್ 1949ರಲ್ಲಿ ಆದೇಶ ಹೊರಡಿಸಿದರು.

ದೋಣಿ ಮತ್ತು ಹೊರೆದಾರಿ

ನಮ್ಮ ಹರಿಗೋಲು ದುಂಡಗೆ. ಇಲ್ಲಿಯ ಕೆನೂ ಉದ್ದ, ಎರಡು ತುದಿಯೂ ಚೂಪು. ಮೂಲನಿವಾಸಿ ಒಜಿಬ್ವೆ ಜನ ಇದನ್ನು ಬರ್ಚ್ ಮರದ ತೊಗಟೆಯಿಂದ ಮಾಡುತ್ತಿದ್ದರು. ಸ್ಪ್ರೂಸ್ ಬೇರಿನಿಂದ ಹೊಲಿದು, ಸಂದಿಗೆ ಅದೇ ಮರದ ಅಂಟು ಹಚ್ಚುತ್ತಿದ್ದರು. ನಮ್ಮ ಭೂರ್ಜಪತ್ರದ ಮರವೂ ಬರ್ಚ್ ಕುಲದ್ದೇ.

ಒಂದು ಸರೋವರ ಮುಗಿದೊಡನೆ ದೋಣಿಯನ್ನೂ ಗಂಟುಮೂಟೆಯನ್ನೂ ಹೊತ್ತು ಮುಂದಿನದಕ್ಕೆ ನಡೆಯಬೇಕು. ಈ ಕಾಲುದಾರಿಗೆ ಪೋರ್ಟೇಜ್ ಎನ್ನುತ್ತಾರೆ. ಉದ್ದವನ್ನು ಇಂದಿಗೂ ‘ರಾಡ್’ ಲೆಕ್ಕದಲ್ಲೇ ಹೇಳುತ್ತಾರೆ. ಒಂದು ರಾಡ್ ಹದಿನಾರೂವರೆ ಅಡಿ. ಅಂದರೆ ನಮ್ಮ ಗುಂಟೆಯ ಒಂದು ಪಕ್ಕದ (33 ಅಡಿ) ಸರಿ ಅರ್ಧ. ಹಿಂದೆ ತುಪ್ಪಳ ವ್ಯಾಪಾರದ ಹಮಾಲರು ತಲಾ 41 ಕಿಲೋದಷ್ಟು ತೂಗುವ ಎರಡು ಮೂಟೆಗಳನ್ನು ಒಟ್ಟಿಗೆ ಹೊತ್ತು ಇಲ್ಲಿ ನಡೆಯುತ್ತಿದ್ದರು.

ಗಡಿಯ ಒಪ್ಪಂದ

1842ರಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ ವೆಬ್‌ಸ್ಟರ್-ಆ್ಯಶ್‌ಬರ್ಟನ್ ಒಪ್ಪಂದ ಗಮನಾರ್ಹ. ಸುಪೀರಿಯರ್ ಸರೋವರದಿಂದ ಲೇಕ್ ಆಫ್ ದ ವುಡ್ಸ್‌ವರೆಗೆ ಗಡಿಯುದ್ದಕ್ಕೂ ಇರುವ ಜಲಮಾರ್ಗಗಳು ಮತ್ತು ರೂಢಿಯ ಹೊರೆದಾರಿಗಳು ಎರಡೂ ದೇಶದವರಿಗೆ ಮುಕ್ತವಾಗಿರಬೇಕೆಂದು ಅದರಲ್ಲಿ ಬರೆದಿದೆ. ಗೆರೆ ಎಳೆದವರು ದಾರಿಯನ್ನು ಮುಚ್ಚಲಿಲ್ಲ. ನಿತ್ಯ ಗಡಿ ದಾಟಿ ಸಂತೆಗೆ, ಶಾಲೆಗೆ, ನೆಂಟರ ಮನೆಗೆ ಹೋಗುವ ನಮಗೆ ಇದರ ಬೆಲೆ ಗೊತ್ತು.

ಆದರೆ ಒಪ್ಪಂದವಿದೆಯೆಂದು ಆಚೆ ದಡದಲ್ಲಿ ಡೇರೆ ಹಾಕುವಂತಿಲ್ಲ. ಅದಕ್ಕೆ ಕೆನಡಾದ ಪ್ರವೇಶ ನಿಯಮ ಪಾಲಿಸಬೇಕು, ಕ್ವೆಟಿಕೊದ ಪರವಾನಗಿಯೂ ಬೇಕು. ಅಮೆರಿಕದ ವೀಸಾ ಕೆನಡಾಕ್ಕೆ ನಡೆಯುವುದಿಲ್ಲ.

ಹೋಗುವವರ ಗಮನಕ್ಕೆ (ಅಮೆರಿಕದ ಭಾಗ)

1. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವ ಪರವಾನಗಿಗಳ ಸಂಖ್ಯೆ ಸೀಮಿತ. ಹೊರಡುವ ದಿನ ಮತ್ತು ಪ್ರವೇಶಸ್ಥಳ ಗೊತ್ತುಮಾಡಿ ಮುಂಗಡವಾಗಿ ಪಡೆಯಬೇಕು.
2. ಒಂದು ತಂಡದಲ್ಲಿ ಹೆಚ್ಚೆಂದರೆ 9 ಜನ, 4 ದೋಣಿ.
3. ಡಬ್ಬಿ, ಗಾಜಿನ ಬಾಟಲಿಗಳಲ್ಲಿ ಆಹಾರ, ಪಾನೀಯ ಒಯ್ಯುವಂತಿಲ್ಲ. ಉಪ್ಪಿನಕಾಯಿಯನ್ನು ಬೇರೆ ಡಬ್ಬಕ್ಕೆ ತುಂಬಿಕೊಳ್ಳಿ.
4. ಪಾತ್ರೆ ತೊಳೆಯುವುದು, ಸ್ನಾನ ದಡದಿಂದ 150 ಅಡಿ ದೂರದಲ್ಲಿ. ಸೋಪಿನ ನೀರು ಸರೋವರ ಸೇರಬಾರದು.
5. ಕರಿಕರಡಿಗಳಿವೆ. ಊಟದ ಸಾಮಾನು ಡೇರೆಯೊಳಗೆ ಇಡಬೇಡಿ. ಮರದಲ್ಲಿ ಎತ್ತರಕ್ಕೆ ತೂಗುಹಾಕಿ.
6. ಮಂಜುಗಡ್ಡೆ ಕರಗುವುದೇ ಏಪ್ರಿಲ್ ಕೊನೆ, ಮೇ ಮೊದಲಲ್ಲಿ. ಆಗಿನ ನೀರಿಗೆ ಬಿದ್ದರೆ ಒಳ್ಳೆಯ ಈಜುಗಾರನಿಗೂ ಕೈಕಾಲು ಆಡುವುದಿಲ್ಲ. ಲೈಫ್ ಜಾಕೆಟ್ ದೋಣಿಯಲ್ಲಿಟ್ಟರೆ ಸಾಲದು, ತೊಟ್ಟಿರಬೇಕು. ಗಾಳಿ ಎದ್ದರೆ ದಡ ಸೇರಿ, ನಿಂತ ಮೇಲೆ ಹೊರಡಿ.

– ಕಾರ್ಯದರ್ಶಿ