ಹೈಡ್ರೋಮೀಟರ್ ಸರಿ, ಆದ್ರೆ ಬಿಸಿ?

ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕಲ್ಲಿರೋ ನಮ್ಮವರು ಕೇಳ್ತಾರೆ: ಮನೇಲೇ ಬಿಯರ್ ಮಾಡಬಹುದಾ? ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಆಗಲ್ಲ. ಕೊಚ್ಚಿ ಸಂಸ್ಥಾನ ಮಲಯಾಳಂ ವರ್ಷ 1077ರಲ್ಲಿ, ಅಂದ್ರೆ 1901-02ರಲ್ಲಿ ಮಾಡಿದ ಅಬಕಾರಿ ಕಾಯ್ದೆ 1967ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ತಿರುವಾಂಕೂರಿನ ರಾಜಧಾನಿಗೂ ಈಗ ಕೊಚ್ಚಿಯದೇ ಕಾಯ್ದೆ!

ವಿದೇಶದಲ್ಲಿ ಬಿಯರ್ ಮಾಡೋ ಗೆಳೆಯರು ಮಾಡಿಕೊಳ್ಳೋ ಅಳತೆಯ ಎಡವಟ್ಟು ಇದಕ್ಕಿಂತ ಹಳೇದು. 1816ರಲ್ಲಿ ಬ್ರಿಟನ್ ಮದ್ಯದ ಸುಂಕಕ್ಕೆ ಸೈಕ್ಸ್ ಹೈಡ್ರೋಮೀಟರನ್ನು ಒಪ್ಪಿಕೊಂಡಿತು. ಅದರ ಜೊತೆ ಥರ್ಮಾಮೀಟರು, ಲೆಕ್ಕದ ಕೋಷ್ಟಕ ಬೇಕೇ ಬೇಕು. ಬಿಸಿಯಾದ ಸಾರಾಯಿ ಹಗುರವಾಗುತ್ತೆ, ಇರೋದಕ್ಕಿಂತ ಖಡಕ್ಕಾಗಿ ಕಾಣುತ್ತೆ, ಸುಂಕ ಏರುತ್ತೆ. ಬಿಯರಲ್ಲಿ ಪೆಟ್ಟು ಬೇರೆ ಥರ. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್, ಮಾಲ್ಟಿನ ಸಿಹಿನೀರು 50 ಡಿಗ್ರಿ ಇದ್ದಾಗ 1.040 ತೋರಿಸಿದ್ರೆ ನಿಜವಾದದ್ದು ಸುಮಾರು 1.050. ಸಿಹಿ ಸಾಲದು ಅಂತ ಸಕ್ಕರೆ ಸುರಿಯೋರು ಇಲ್ಲೇ ಕೆಡೋದು. ಆರಿಸಿ ಮತ್ತೆ ಅಳೆಯಬೇಕು, ಅಷ್ಟೇ. ಕೊಚ್ಚಿಯಂಥ 30 ಡಿಗ್ರಿಯಲ್ಲಿ ಮೊದಲೂ ಕೊನೆಗೂ ಅಳೆದ್ರೆ ತಪ್ಪು ಎರಡೂ ಕಡೆ ಬಹುತೇಕ ಒಂದೇ. ಆಲ್ಕೋಹಾಲ್ ಲೆಕ್ಕ ಹೆಚ್ಚು ಕೆಡಲ್ಲ.

ಆದ್ರೆ ಇಲ್ಲಿನ ಶಾಪುಗಳಲ್ಲಿ ಅಳತೆ ಹವ್ಯಾಸ ಅಲ್ಲ, ಹೊಟ್ಟೆಪಾಡು. 2002ರ ನಿಯಮ ತೆಂಗಿನ ಕಳ್ಳಿಗೆ ಹಾಕಿದ್ದ ಮಿತಿ ಶೇ. 8.1 ಆಗಿತ್ತು. ಕಳ್ಳು ಮಡಕೆಯಿಂದ ಇಳಿದ ಮೇಲೂ ಹುಳಿಯುತ್ತಲೇ ಇರುತ್ತೆ. ಸ್ಯಾಂಪಲ್ ತೆಗೆದ ಹೊತ್ತು ಒಂದು, ಪರೀಕ್ಷೆಯ ಹೊತ್ತು ಇನ್ನೊಂದು ಆದ್ರೆ, ಕೇಸು ಬೀಳೋದು ಯಾವ ಹೊತ್ತಿನ ಕಳ್ಳಿನ ಮೇಲೆ?