ತೊದಲು

ಹಳಗನ್ನಡದ ‘ತೊದಳ್’ ಇಂದಿನ ‘ತೊದಲು’. ಕೊನೆಯ ಉಕಾರ ಉಚ್ಚಾರಣೆಯ ಸೌಕರ್ಯಕ್ಕೆ ಸೇರಿದ್ದು. ‘ತೊದಲ್ನುಡಿ’ ಎಂಬ ಸಮಾಸದಲ್ಲಿ ಅದು ಬಿದ್ದುಹೋಗುತ್ತದೆ. ‘ತೊದಲಿಸು’ ಇದರ ಕ್ರಿಯಾರೂಪ. ಕಾಗೆಯನ್ನು ‘ತಾಗೆ’ ಎನ್ನುವ ಕೂಸಿನ ಮಾತೂ ತೊದಲೇ, ಹೆದರಿದವರ ತಡವರಿಕೆಯೂ ತೊದಲೇ. ಮೊದಲನೆಯದು ಬೆಳವಣಿಗೆಯ ಸಹಜ ಹಂತ. ಅಕ್ಷರ ಮರುಕಳಿಸುವ, ಮಾತು ನಡುವೆ ಸಿಕ್ಕಿಕೊಳ್ಳುವ ತೊಂದರೆಗೆ ‘ಉಗ್ಗು’ ಎಂಬ ಬೇರೆಯೇ ಪದವಿದೆ. ಎರಡನ್ನೂ ಬೆರೆಸಿ ಬಳಸುವ ರೂಢಿಯಿದ್ದರೂ ವಾಕ್‌ಚಿಕಿತ್ಸೆಯಲ್ಲಿ ಈ ಭೇದ ಉಳಿಯಬೇಕಾದದ್ದೇ.

ಮಾತು ಮೂಡುವ ಮೊದಲು, ಸುಮಾರು 6ರಿಂದ 10 ತಿಂಗಳಲ್ಲಿ, ಶಿಶು ‘ಬಬಬ’, ‘ದದದ’ ಎಂದು ಉಲಿಯುತ್ತದೆ. ತೀವ್ರ ಶ್ರವಣದೋಷವಿರುವ ಶಿಶುಗಳಲ್ಲಿ ಈ ಉಲಿ ತಡವಾಗುತ್ತದೆ. ಆದ್ದರಿಂದಲೇ ಅದರ ವಿಳಂಬ ಕಂಡಾಗ ಕಿವಿಯ ಪರೀಕ್ಷೆ ಅಗತ್ಯ. ಇನ್ನೂ ಗಮನಾರ್ಹವಾದದ್ದು 1991ರಲ್ಲಿ ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ ಪ್ರಕಟಿಸಿದ ಸಂಶೋಧನೆ: ಸಂಜ್ಞಾಭಾಷೆ ಆಡುವ ಮನೆಯಲ್ಲಿ ಬೆಳೆದ ಕಿವುಡು ಶಿಶುಗಳು ಅದೇ ವಯಸ್ಸಿನಲ್ಲಿ, ಅದೇ ಬಗೆಯ ಆವರ್ತನೆಯಲ್ಲಿ, ಕೈಗಳಿಂದ ಉಲಿಯುತ್ತಿದ್ದವು. ತೊದಲು ನಾಲಿಗೆಗೆ ಮಾತ್ರ ಸೇರಿದ್ದಲ್ಲ, ಬೆರಳುಗಳೂ ತೊದಲುತ್ತವೆ.